ಬೇವಿನ ಹೂ ಹುರಿದ ದಿನ

ನಮ್ಮ ಬೀಗಿತ್ತಿಯವರಿಗೆ ಮೂಗಿನ ಎರಡೂ ಕಡೆ ಬೊಟ್ಟು. ಎಡಗಡೆ ಏಳು ಕಲ್ಲಿನ ಬೇಸರಿ, ಬಲಗಡೆ ಒಂದೇ ಕಲ್ಲು. ಸಿಟ್ಟು ಬಂದರೆ ಮೂಗಿನ ಹೊಳ್ಳೆ ಅರಳಿ ಎಡಗಡೆಯ ಕಲ್ಲುಗಳು ಮೊದಲು ಮಿಂಚುತ್ತವೆ, ಮಾತು ಆಮೇಲೆ ಬರುತ್ತದೆ. ಮಗಳನ್ನು ಅವರ ಮನೆಗೆ ಕೊಟ್ಟ ಹೊಸದರಲ್ಲಿ ನಾನು ಅವರ ಮುಖ ನೋಡುತ್ತಿರಲಿಲ್ಲ, ಮೂಗು ನೋಡುತ್ತಿದ್ದೆ. ಮಿಂಚಿತು ಅಂದರೆ ಕಾಫಿ ಲೋಟ ಕೆಳಗಿಟ್ಟು, "ಬರ್ತೀನಮ್ಮಾ, ರೈಲಿಗೆ ಹೊತ್ತಾಯ್ತು" ಅಂತ ಎದ್ದುಬಿಡುತ್ತಿದ್ದೆ.

ನಾನು ಬಂಗಾರಪೇಟೆ ಕಡೆಯವನು. ಓದಿದ್ದು ನಾಲ್ಕನೇ ಕ್ಲಾಸು. ಮೀಸೆ ಬರುವ ವಯಸ್ಸಿಗೆ ಮದ್ರಾಸಿಗೆ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿ ಸೇರಿದೆ. ಗಾಡಿಗಳ ಬ್ರೇಕು ಬಿಚ್ಚಿ ಜೋಡಿಸುತ್ತಲೇ ರಿಟೈರಾದೆ. ಹೆಂಡತಿ ಇಲ್ಲ, ಪೆರಂಬೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಬೀಗಿತ್ತಿಯವರದು ವೇಲಚೇರಿ. ಅವರ ತಾತನ ಕಾಲದಿಂದ ಇದೇ ಊರು. ಯಜಮಾನರು ಬ್ಯಾಂಕಿನಲ್ಲಿದ್ದರಂತೆ, ಮಗನ ಮದುವೆ ನೋಡುವ ಮೊದಲೇ ಹೋಗಿಬಿಟ್ಟರು. ಅವರು ಆಡುವುದು ಕನ್ನಡವೇ, ಆದರೆ ಅದಕ್ಕೆ ಅಷ್ಟೇ ತಮಿಳು ಕಲಸಿರುತ್ತಾರೆ. ನನ್ನನ್ನು ಒಂದು ದಿನ ಬೀಗರೇ ಅಂತ ಕರೆದವರಲ್ಲ. ಇಲ್ಲಿಯವರ ಹಾಗೆ "ಸಂಬಂಧಿ" ಅಂತಾರೆ.

"ಏನ್ ಸಂಬಂಧಿ, ನಿಮ್ಮ ಕನ್ನಡದಲ್ಲಿ ಅರ್ಧ ತೆಲುಗೇ ಇದೆಯಲ್ಲ" ಅಂತ ನಗೋರು. ನಿಮ್ಮದರಲ್ಲಿ ಕನ್ನಡ ಎಲ್ಲಿದೆ ಅಂತ ನಾನು ಹುಡುಕ್ತಾನೇ ಇದೀನಲ್ಲಮ್ಮಾ ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅವರ ನೆನಪಿನ ವಿಷಯ ಹೇಳಬೇಕು. ತಾರೀಖು, ವಾರ ಯಾವುದೂ ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಅಡುಗೆ ನಿಲ್ಲುತ್ತದೆ. ಯಾವುದು ಯಾವತ್ತು ನಡೆಯಿತು ಅಂತ ಕೇಳಿದರೆ "ನಂಗೆ ಜ್ಞಾಪಕ ಇದೆ" ಅಂತ ಶುರು ಮಾಡಿ, ಅವತ್ತು ಒಲೆಯ ಮೇಲೆ ಏನಿತ್ತು ಅಂತ ಹೇಳಿ, ಅಲ್ಲಿಂದ ದಿನ ಹಿಡಿಯುತ್ತಾರೆ. ಮಳೆಗಾಲದಲ್ಲಿ ಕೆಳಗಿನ ಮನೆಗಳಿಗೆ ನೀರು ನುಗ್ಗಿದ್ದು ಬಾಳೆಕಾಯಿ ಪಲ್ಯದ ದಿನ. ಮಗನಿಗೆ ಇನ್ಶೂರೆನ್ಸ್ ಆಫೀಸಿನ ಕೆಲಸ ಸಿಕ್ಕಿದ್ದು ಮಜ್ಜಿಗೆ ಹುಳಿಯ ದಿನ. ಹೀಗೆ ಹೇಳಿದ್ದು ಒಂದು ಸಲವೂ ತಪ್ಪಿದ್ದಿಲ್ಲ. ತಪ್ಪಿದ್ದರೂ ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ ಅನ್ನುವುದು ಬೇರೆ ಮಾತು.

ನನ್ನ ಹೆಂಡತಿ ತೀರಿಕೊಂಡಾಗ ಮೊದಲು ಬಂದವರು ಅವರೇ. ವರ್ಷಾಂತಿಕದ ದಿನ ಊಟಕ್ಕೆ ಕೂತಾಗ ತಾವಾಗಿ ಹೇಳಿದರು: "ಫೋನ್ ಬಂದಾಗ ಒಲೆ ಮೇಲೆ ಮೂಲಂಗಿ ಸಾಂಬಾರ್ ಕುದೀತಿತ್ತು. ಹಾಗೇ ಆಫ್ ಮಾಡಿ ಬಂದೆ. ಆವತ್ತಿಂದ ನಮ್ಮನೆಗೆ ಮೂಲಂಗಿ ತರೋದು ಬಿಟ್ಟಿದೀನಿ ಸಂಬಂಧಿ." ಅಷ್ಟು ಹೇಳಿ, ಮರುಕ್ಷಣವೇ ಬಡಿಸುವವನ ಕಡೆ ತಿರುಗಿ, ಹಪ್ಪಳ ಮೆತ್ತಗಾಗಿದೆ ಅಂತ ಗದರಿದರು. ಅವರು ಹಾಗೆ.

ಒಂದು ವಿಷಯ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ತಿಂಗಳ ಮೂರು ದಿನ ಸೊಸೆ ಅಡುಗೆಮನೆ, ದೇವರಮನೆ ಎರಡಕ್ಕೂ ಹೋಗುವ ಹಾಗಿಲ್ಲ. ಬಾಲ್ಕನಿ ಪಕ್ಕದ ರೂಮಿನಲ್ಲಿ ಬೇರೆ ತಟ್ಟೆ, ಬೇರೆ ಲೋಟ. ನಮ್ಮ ಮನೆಯಲ್ಲಿ ಈ ಪದ್ಧತಿ ನನ್ನ ಹೆಂಡತಿಯ ಕಾಲಕ್ಕೇ ಬಿಟ್ಟುಹೋಗಿತ್ತು. ರೈಲ್ವೆ ಕ್ವಾರ್ಟರ್ಸಿನ ಒಂದೂವರೆ ರೂಮಿನಲ್ಲಿ ಹೊರಗೆ ಕೂರುವುದಕ್ಕೆ ಹೊರಗು ಅಂತ ಎಲ್ಲಿತ್ತು? ಮಗಳು ಸ್ಕೂಲ್ ಟೀಚರ್, ಇಡೀ ದಿನ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬರುವವಳು. ಅವಳು ಮಾತ್ರ ನಗುತ್ತಿದ್ದಳು. "ಮೂರು ದಿನ ಪಾತ್ರೆ ತೊಳೆಯೋ ಹಾಗಿಲ್ಲ ಅಪ್ಪಾ, ನೀನು ಇದನ್ನ ಹಾಳು ಮಾಡಬೇಡ" ಅಂತಿದ್ದಳು.

ಆ ನಗು ಆಮೇಲೆ ಹೋಯಿತು. ಎರಡು ಸಲ ಬಸುರಾದಳು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಎರಡು ಸಲವೂ ಒಂದೇ ಥರ. ಸ್ಕ್ಯಾನಿಗೆ ಹೋಗುವುದು, ಮಗುವಿನ ಎದೆಬಡಿತ ಕಾಣುವುದಿಲ್ಲ ಅನ್ನುವುದು, ವಾಪಸ್ ಬರುವುದು. ಎರಡು ಸಲವೂ ಸ್ಕ್ಯಾನ್ ರೂಮಿನೊಳಗೆ ಅವಳ ತಲೆಯ ಹತ್ತಿರ ನಿಂತಿದ್ದವರು ಬೀಗಿತ್ತಿಯವರು. ಇಂಥದ್ದನ್ನು ಅಪ್ಪನ ಎದುರು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅವಳ ಅಮ್ಮ ಇದ್ದಿದ್ದರೆ ಅವಳ ಕಿವಿಗೆ ಬಿದ್ದು, ಅವಳಿಂದ ನನಗೆ ಗೊತ್ತಾಗುತ್ತಿತ್ತು. ಈಗ ಬೀಗಿತ್ತಿಯವರ ಫೋನು ಬರುತ್ತಿತ್ತು. "ಸಂಬಂಧಿ, ಬನ್ನಿ ಒಂದ್ಸಲ. ಹುಡುಗಿ ಏನೂ ತಿಂತಿಲ್ಲ." ಅಷ್ಟೇ. ನಾನು ಸೆಂಟ್ರಲ್‌ನಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕ್ ಟೌನಿನಲ್ಲಿ ವೇಲಚೇರಿ ರೈಲು ಹತ್ತಿ, ದಾರಿಯುದ್ದಕ್ಕೂ ಏನು ಮಾತಾಡಲಿ ಅಂತ ಯೋಚಿಸುತ್ತಾ ಹೋಗಿ, ಏನೂ ಮಾತಾಡದೆ ಬರುತ್ತಿದ್ದೆ.

ನನಗೆ ಇನ್ನೊಂದು ಹೆದರಿಕೆ ಇತ್ತು. ಅತ್ತೆ ಯಾವತ್ತಾದರೂ ಒಂದು ಮಾತು ಅಂದುಬಿಟ್ಟರೆ? ಒಂದು ಸಲ ಅವರ ಕಡೆಯ ಮದುವೆಯಲ್ಲಿ ಯಾರೋ ಹೆಂಗಸು ನನಗೆ ಕೇಳಿಸುವ ಹಾಗೇ, "ಏನು, ನಿಮ್ಮ ಸೊಸೆಗೆ ನಿಲ್ಲೋದೇ ಇಲ್ವಂತೆ? ಜಾತಕ ಸರಿಯಾಗಿ ನೋಡಿ ಹೆಣ್ಣು ತರಬೇಕಿತ್ತು" ಅಂದರು. ನಾನು ಬೀಗಿತ್ತಿಯವರ ಮೂಗು ನೋಡಿದೆ. ಎಡಗಡೆ ಮಿಂಚಿತು. "ನಿಮ್ಮನೇಲಿ ಎರಡು ದಿನ ಇಡ್ಲಿ ಗಟ್ಟಿಯಾದ್ರೆ ಅಡುಗೆಮನೇನೇ ಕೆಡವಿಬಿಡ್ತೀರಾ?" ಅಂದರು. ಆ ಹೆಂಗಸು ಪಾಯಸ ಅರ್ಧಕ್ಕೆ ಬಿಟ್ಟು ಕೈತೊಳೆಯಲು ಎದ್ದರು. ನಾನು ಆವತ್ತು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮೂರನೆಯ ಸಲದ ಸುದ್ದಿ ಬೇಸಿಗೆ ರಜದಲ್ಲಿ ಬಂತು. ಅಗ್ನಿನಕ್ಷತ್ರದ ಬಿಸಿಲು, ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ಈ ಸಲ ಬೀಗಿತ್ತಿಯವರು ಮೊದಲೇ ಫೋನ್ ಮಾಡಿದರು. "ನಾಳೆ ಡಾಕ್ಟರ್ ಹತ್ರ ಹೋಗ್ತಿದೀವಿ, ನೀವೂ ಬನ್ನಿ. ಯಾರಿಗೂ ಹೇಳ್ಬೇಡಿ, ನಿಮ್ಮ ಸೊಸೆಗೂ ಹೇಳ್ಬೇಡಿ. ಹಲ್ಲುನೋವು ಅಂತ ಹೇಳಿ ಹೊರಡಿ." ನನಗೆ ಹಲ್ಲೇ ಎಷ್ಟು ಉಳಿದಿವೆ? ನನ್ನ ಸೊಸೆ ಲವಂಗದ ಎಣ್ಣೆ ಹಚ್ಚಿ ಕಳಿಸಿದಳು.

ಡಾಕ್ಟರು ತಮಿಳಿನವರು, ಸಮಾಧಾನದ ಹೆಂಗಸು. ಮೇಜಿನ ಮುಂದೆ ಮಗಳು, ಅಳಿಯ, ಬೀಗಿತ್ತಿಯವರು, ಬಾಗಿಲ ಪಕ್ಕ ನಾನು. "ಕೊನೇ ಸಲ ಮುಟ್ಟಾಗಿದ್ದು ಯಾವತ್ತು?" ಅಂತ ಕೇಳಿದರು. ನಾನು ಫ್ಯಾನ್ ನೋಡುತ್ತಾ ನಿಂತೆ. ಮಗಳು ಬಾಯಿ ತೆರೆದಳು, ಆದರೆ ಅವಳಿಗೂ ಖಚಿತ ಇರಲಿಲ್ಲ. ಮೊದಲಿಂದ ಅವಳಿಗೆ ತಿಂಗಳು ಹಿಂದೆ ಮುಂದೆ ಆಗುವುದೇ. ಎರಡನೆಯದು ಹೋದಮೇಲೆ, ಫೋನಿನಲ್ಲಿ ದಿನ ಗುರುತು ಹಾಕಿಕೊಳ್ಳುವುದನ್ನೂ ಬೇಸರದಿಂದ ಬಿಟ್ಟುಬಿಟ್ಟಿದ್ದಳು. ಅಷ್ಟರಲ್ಲಿ ಬೀಗಿತ್ತಿಯವರು, "ಯುಗಾದಿ ದಿನ ಡಾಕ್ಟರ್. ನಂಗೆ ಜ್ಞಾಪಕ ಇದೆ. ಬೇವಿನ ಹೂ ನಾನೊಬ್ಬಳೇ ಹುರಿದೆ. ಇವಳು ರೂಮಲ್ಲಿದ್ದಳು" ಅಂದರು.

ಡಾಕ್ಟರು ಯುಗಾದಿ ಯಾವತ್ತಿತ್ತು ಅಂತ ನೋಡಿಕೊಂಡು ಲೆಕ್ಕ ಹಾಕಿದರು. "ಹಾಗಿದ್ರೆ ಇಷ್ಟು ಹೊತ್ತಿಗೆ ಎದೆಬಡಿತ ಕಾಣಬೇಕು. ಬನ್ನಿ, ನೋಡೋಣ."

ಒಳಗೆ ಒಬ್ಬರಿಗೆ ಮಾತ್ರ ಜಾಗ. ಬೀಗಿತ್ತಿಯವರು ಹೋದರು. ನಾನೂ ಅಳಿಯನೂ ಬೆಂಚಿನ ಮೇಲೆ ಕೂತೆವು. ಎದುರಿನ ಗೋಡೆಗೆ ಹುಟ್ಟುವ ಮಗು ಗಂಡೋ ಹೆಣ್ಣೋ ಹೇಳುವುದಿಲ್ಲ ಅಂತ ದೊಡ್ಡ ಬೋರ್ಡು. ಗಂಡಾಗಲಿ ಹೆಣ್ಣಾಗಲಿ ಕಟ್ಟಿಕೊಂಡು ನನಗೇನು, ಇದೆಯೋ ಇಲ್ಲವೋ ಅಷ್ಟು ಹೇಳಿ ಸಾಕು ಅಂತ ಆ ಬೋರ್ಡಿಗೇ ಕೈಮುಗಿಯಬೇಕು ಅನ್ನಿಸಿತು.

ಬಾಗಿಲು ತೆರೆದಾಗ ಬೀಗಿತ್ತಿಯವರು ಮಗಳ ಭುಜ ಹಿಡಿದಿದ್ದರು. ಯಾರು ಯಾರನ್ನು ಆತುಕೊಂಡಿದ್ದಾರೆ ಅಂತ ಗೊತ್ತಾಗಲಿಲ್ಲ. "ಚೀಲ ಇದೆಯಂತೆ. ಅದರೊಳಗೆ ಏನೂ ಕಾಣ್ತಿಲ್ಲವಂತೆ" ಅಂದರು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನೀವು ಹೇಳಿದ ದಿನಕ್ಕೆ ತಕ್ಕ ಬೆಳವಣಿಗೆ ಇಲ್ಲ, ಆದರೂ ಒಂದೇ ಸಲ ನೋಡಿ ತೀರ್ಮಾನ ಮಾಡಬಾರದು, ಎರಡು ವಾರ ಬಿಟ್ಟು ಬನ್ನಿ, ಆಗಲೂ ಕಾಣದಿದ್ದರೆ ಮಾತ್ರೆ ಕೊಟ್ಟು ಕಳೆಯಬೇಕಾಗುತ್ತೆ, ಮನಸ್ಸು ಗಟ್ಟಿ ಮಾಡಿಕೊಂಡಿರಿ ಅಂದರು.

ಆ ದಿನಗಳನ್ನು ಹೇಗೆ ಹೇಳಲಿ. ನಾನು ಎರಡು ದಿನಕ್ಕೊಮ್ಮೆ ಹಲ್ಲುನೋವು ಅಂತ ವೇಲಚೇರಿಗೆ ಹೋಗುತ್ತಿದ್ದೆ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. "ಯಾಕಪ್ಪಾ ಬಿಸಿಲಲ್ಲಿ ಬಂದೆ" ಅಂದರೆ ಅದೇ ಅವಳ ಆ ದಿನದ ಮಾತು. ಅಡುಗೆಮನೆಯಲ್ಲಿ ದಿನಾ ರಸಂ, ಅನ್ನ. ರಸಂ, ಅನ್ನ. ಬೇರೆ ಏನೂ ಇಲ್ಲ. ಆ ಮನೆಯಲ್ಲಿ ನಾನು ಹಾಗೆ ಕಂಡಿದ್ದಿಲ್ಲ. "ಯಾಕಮ್ಮಾ, ಮೈ ಸರಿಯಿಲ್ವಾ?" ಅಂತ ಕೇಳಿದೆ. ಅವರು ತಿರುಗದೆಯೇ ಹೇಳಿದರು. "ಬೇರೆ ಏನಾದ್ರೂ ಮಾಡಿದ್ರೆ ಆ ದಿನ ಜ್ಞಾಪಕದಲ್ಲಿ ಉಳ್ಕೊಂಡ್‌ಬಿಡತ್ತೆ ಸಂಬಂಧಿ. ಈ ದಿನಗಳು ನಂಗೆ ವೇಂಡಾಂ, ಬೇಡವೇ ಬೇಡ."

ಅಳಿಯ ಒಳ್ಳೆಯವನು, ಆದರೆ ಹೆಂಡತಿ ಹೀಗೆ ಒಣಗುವುದನ್ನು ನೋಡಲಾರದೆ ಸೋತುಹೋಗಿದ್ದ. ಆಫೀಸಿನ ಗೆಳೆಯರು ಯಾರೋ ಹೇಳಿದರು ಅಂತ ಪೋರೂರಿನ ಒಂದು ಆಸ್ಪತ್ರೆಯಲ್ಲಿ ಶನಿವಾರಕ್ಕೆ ಹೇಳಿಟ್ಟು ಬಂದ. "ಎರಡು ವಾರ ಯಾಕೆ ಅಮ್ಮಾ ಇವಳನ್ನ ಸುಡೋದು? ಎರಡು ಸಲ ನೋಡಿದೀವಲ್ಲ, ಇದೂ ಅದೇ. ಅಲ್ಲಿ ತೋರಿಸಿ, ಅದೇ ಮಾತ್ರೆ ತಗೊಂಡು ಮುಗಿಸ್ಬಿಡೋಣ." ಬೀಗಿತ್ತಿಯವರು ಏನಾದರೂ ಅಂತಾರೆ ಅಂತ ನಾನು ಕಾದೆ. ಮೂಗಿನ ಕಲ್ಲು ಮಿಂಚಲಿಲ್ಲ. "ನಿನಗೆ ಸರಿ ಅನ್ಸಿದ್ರೆ ಸರಿಪ್ಪಾ" ಅಂದರು. ಅವರು ಮರುಮಾತಿಲ್ಲದೆ ಒಪ್ಪಿದ್ದು ನಾನು ನೋಡಿದ್ದು ಅದೇ ಮೊದಲು.

ಶುಕ್ರವಾರ ನಾನು ಬರಿಗೈಯಲ್ಲಿ ಹೋಗಬಾರದು ಅಂತ ಸ್ಟೇಷನ್ ಹೊರಗೆ ಗಾಡಿಯಲ್ಲಿದ್ದ ಮಾವಿನಕಾಯಿ ತೆಗೆದುಕೊಂಡು ಹೋದೆ. ಕಿಳಿಮೂಗಿನ ಕಾಯಿ, ಅಂದರೆ ನಮ್ಮ ಗಿಣಿಮೂತಿ, ಹಸಿರು, ಗಟ್ಟಿ. ಹುಳಿ ಕಂಡರೆ ಮಗಳು ಎರಡು ತುತ್ತು ತಿಂದಾಳು ಅಂತ ಆಸೆ. ಬೀಗಿತ್ತಿಯವರು ಈಳಿಗೆಮಣೆ ಹಾಕಿ ಕೂತು ಹೆಚ್ಚತೊಡಗಿದರು. ವಾಸನೆ ರೂಮಿನವರೆಗೆ ಹೋಗಿರಬೇಕು. ಮಗಳ ದನಿ ಬಂತು. ಎಷ್ಟೋ ದಿನದ ಮೇಲೆ ತಾನಾಗಿ ಒಂದು ಮಾತು.

"ಅತ್ತೆ, ಆವತ್ತು ಮಾಡಿದ್ರಲ್ಲ ಪಚಡಿ, ಅದು ಮಾಡ್ತೀರಾ?"

"ಯಾವತ್ತು ಕಣೇ?"

"ಅದೇ, ನಾನು ರೂಮಲ್ಲಿ ಕೂತಿದ್ದಾಗ. ಬೆಲ್ಲ, ಬೇವಿನ ಹೂ ಎಲ್ಲ ಹಾಕಿ. ನಾನು ಇನ್ನೊಂದು ಸ್ವಲ್ಪ ಕೇಳಿದ್ನಲ್ಲ, ನೀವು ದೂರದಿಂದ ಸುರೀಬೇಕಾದ್ರೆ ನಿಮ್ಮ ಸೀರೆ ಮೇಲೆ ಚೆಲ್ಲಿತು."

ಈಳಿಗೆಯ ಮೇಲೆ ಕೈ ನಿಂತಿತು. ಬೀಗಿತ್ತಿಯವರು ಮಾವಿನಕಾಯಿಯನ್ನೇ ನೋಡಿದರು, ಅದು ಮಾತಾಡಿತೇನೋ ಅನ್ನುವ ಹಾಗೆ. ಆಮೇಲೆ ನನ್ನ ಕಡೆ ನೋಡಿದರು.

"ಸಂಬಂಧಿ, ಯುಗಾದಿಗೆ ನಾನು ಪಚಡಿ ಮಾಡಲ್ಲ."

ನನಗೆ ಏನೂ ತಿಳಿಯಲಿಲ್ಲ. ನಮ್ಮ ಬಂಗಾರಪೇಟೆಯವರಿಗೆ ಯುಗಾದಿ ವರ್ಷಕ್ಕೆ ಒಂದೇ. ಅವರ ಮನೆಯಲ್ಲಿ ಎರಡು. ಮೊದಲು ನಮ್ಮ ಯುಗಾದಿ, ಬೇವು ಬೆಲ್ಲ, ಒಬ್ಬಟ್ಟು. ಆಮೇಲೆ ಏಪ್ರಿಲ್ ನಡುವಿಗೆ ತಮಿಳರ ಹೊಸ ವರ್ಷ. ಅದನ್ನೂ ಅವರು ತಾತನ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಅದಕ್ಕೆ ಮಾವಿನಕಾಯಿ ಪಚಡಿ ಆಗಲೇಬೇಕು. ಬೇವಿನ ಹೂ ಮಾತ್ರ ಎರಡಕ್ಕೂ ಬೇಕು, ಎರಡಕ್ಕೂ ಅವರು ತುಪ್ಪದಲ್ಲಿ ಹುರಿಯುತ್ತಾರೆ. ಒಬ್ಬರೇ ಒಲೆ ಮುಂದೆ ನಿಂತು ಬೇವಿನ ಹೂ ಹುರಿದದ್ದು ಅವರಿಗೆ ನೆನಪಿತ್ತು. ಹಾಗೆ ಹುರಿದದ್ದು ಯಾವ ಹಬ್ಬಕ್ಕೆ ಅನ್ನುವುದು ತಪ್ಪಿಹೋಗಿತ್ತು. ಯುಗಾದಿ ದಿನ ಸೊಸೆ ಪಕ್ಕದಲ್ಲೇ ನಿಂತು ಒಬ್ಬಟ್ಟು ತಟ್ಟಿದ್ದಳಂತೆ. ಒಳಗೆ ಬಾರದೆ ರೂಮಿನಲ್ಲಿದ್ದದ್ದು ಆಮೇಲಿನ ಹಬ್ಬಕ್ಕೆ. ಹಾಗಾದರೆ ಡಾಕ್ಟರಿಗೆ ಹೇಳಿದ ಲೆಕ್ಕಕ್ಕಿಂತ ಮಗು ಎರಡು ವಾರಕ್ಕೂ ಹೆಚ್ಚು ಚಿಕ್ಕದು. ಆವತ್ತು ಕಾಣದೆ ಇದ್ದದ್ದು ಕಾಣುವ ಹೊತ್ತು ಬಾರದೆ ಇದ್ದುದರಿಂದಲೂ ಇರಬಹುದು.

ಇದನ್ನು ಅವರು ನನಗೆ ಎರಡು ಸಲ ಬಿಡಿಸಿ ಹೇಳಿದರು. ಮೂರನೆಯ ಸಲ ಕೇಳಿದಾಗ, "ನಿಮ್ಮ ತಲೇಲಿ ಬ್ರೇಕ್ ಹಿಡ್ಕೊಂಡಿದೆಯಾ ಸಂಬಂಧಿ, ಏಳಿ, ಆಟೋ ಕರೀರಿ" ಅಂದರು. ಎಡಗಡೆಯ ಏಳೂ ಕಲ್ಲು ಮಿಂಚಿದವು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಡಾಕ್ಟರ ಹತ್ತಿರ ಹತ್ತಾರು ಜನ ಕಾದಿದ್ದರು. ಬೀಗಿತ್ತಿಯವರು ಸರದಿ ಅಂತ ನೋಡದೆ ಬಾಗಿಲು ತಳ್ಳಿದರು. ಒಳಗೆ ಬೇರೆ ಯಾರೋ ಗಂಡ ಹೆಂಡತಿ ಕೂತಿದ್ದರು. ನರ್ಸ್ "ಎನ್ನಮ್ಮಾ ಇದು, ಹೊರಗೆ ಹೋಗಿ" ಅನ್ನುತ್ತಲೇ ಇದ್ದಳು. ಇವರು ಅಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದರು. "ಡಾಕ್ಟರ್, ತಪ್ಪು ನಂದು. ನಾನು ತಪ್ಪು ದಿನ ಹೇಳ್ಬಿಟ್ಟೆ. ಇವಳು ಹೇಳೋಕೆ ಹೋದಳು, ನಾನು ಬಿಡಲಿಲ್ಲ. ಇವಳದೇನೂ ತಪ್ಪಿಲ್ಲ."

ಮಗಳು ನನ್ನ ಕಡೆ ನೋಡಿದಳು. ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ನಿಮಗೂ ಗೊತ್ತಾಗಲಿಲ್ವಾ?" ಅಂತ ಮಗಳನ್ನು ಕೇಳಿದರು.

"ಅತ್ತೆ ಹೇಳಿದ್ರೆ ತಪ್ಪೋದಿಲ್ಲ ಡಾಕ್ಟರ್. ನನಗೇ ಮರೆತಿರಬೇಕು ಅಂದ್ಕೊಂಡೆ."

"ಇದು ನಿಜವಾದ್ರೆ ಒಳ್ಳೇದು" ಅಂದರು ಡಾಕ್ಟರು, ಬೀಗಿತ್ತಿಯವರನ್ನು ತಮಿಳರ ಹಾಗೆ ಪಾಟಿ, ಅಜ್ಜಿ ಅಂತ ಕರೆಯುತ್ತಾ. "ಆದರೆ ನೋಡೋ ತನಕ ನಾನು ಏನೂ ಹೇಳಲ್ಲ ಪಾಟಿ. ಆಸೆ ಇಟ್ಕೊಂಡು ಆಮೇಲೆ ನನ್ನ ಮೇಲೆ ಬೀಳಬೇಡಿ. ಬೇರೆ ಎಲ್ಲೂ ಹೋಗಿ ಮಾತ್ರೆ ತಗೋಬೇಡಿ. ಹೇಳಿದ ದಿನಕ್ಕೆ ಬನ್ನಿ."

ಶನಿವಾರ ಪೋರೂರಿಗೆ ಯಾರೂ ಹೋಗಲಿಲ್ಲ. ಆದರೆ ನೆಮ್ಮದಿ ಬಂತು ಅಂದುಕೊಳ್ಳಬೇಡಿ. ಮೊದಲು ಏನೂ ಇಲ್ಲ ಅಂತ ಮನಸ್ಸು ಒಂದು ಕಡೆ ಕೂತಿತ್ತು. ಈಗ ಇರಬಹುದು ಅನ್ನುವುದು ಬಂದ ಮೇಲೆ ಕೂರಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ. ಬೀಗಿತ್ತಿಯವರು ಫೋನ್ ಮಾಡಿ, "ಊಟ ಆಯ್ತಾ?" ಅಂತ ಮಾತ್ರ ಕೇಳಿ ಇಟ್ಟುಬಿಡೋರು. ಮತ್ತೆ ಫೋನು. "ಸಂಬಂಧಿ, ಆವತ್ತು ನನ್ನ ಸೀರೆ ಮೇಲೆ ಚೆಲ್ಲಿದ್ದು ನಿಜ ಅಲ್ವಾ? ಬೀರುವಿಂದ ತೆಗೆದು ನೋಡಿದೆ. ಕಲೆ ಇದೆ." ಕಲೆ ಇದ್ದರೆ ಇದೆ ಅಮ್ಮಾ ಅಂದೆ. "ಕಲೆ ಹೋದ ವರ್ಷದ್ದೂ ಇರಬಹುದಲ್ಲ" ಅಂತ ಮತ್ತೆ ಅವರೇ. ತಮ್ಮ ನೆನಪಿನ ಮೇಲೆ ಅವರಿಗೇ ನಂಬಿಕೆ ಹೋಗಿತ್ತು. ಆ ಹೆಂಗಸು ಹಾಗಾದದ್ದು ನೋಡುವುದಕ್ಕೆ ಆಗುತ್ತಿರಲಿಲ್ಲ.

ಆ ದಿನ ಬಂತು. ಅದೇ ಬೆಂಚು, ಅದೇ ಬೋರ್ಡು. ನರ್ಸ್ ಮಗಳ ಹೆಸರು ಕೂಗಿದಳು. ಬೀಗಿತ್ತಿಯವರು ಮಗಳ ಜೊತೆ ಬಾಗಿಲವರೆಗೆ ಹೋಗಿ ನಿಂತುಬಿಟ್ಟರು. ಹಿಂದಕ್ಕೆ ತಿರುಗಿ, "ಸಂಬಂಧಿ, ನೀವು ಹೋಗಿ" ಅಂದರು.

"ನಾನಾ? ಅಯ್ಯೋ, ಅಲ್ಲಿ ನಾನೇನಮ್ಮಾ! ಅಳಿಯಂದಿರು ಹೋಗಲಿ."

"ಅವನು ಆಗಲೇ ನಡುಗ್ತಿದಾನೆ, ಬಿದ್ದುಬಿಟ್ರೆ ಅವನಿಗೊಂದು ಸ್ಕ್ಯಾನ್ ಮಾಡಿಸ್ಬೇಕು. ಹೋಗಿ ಅಂದೆನಲ್ಲ!" ಬೆನ್ನಿಗೆ ಕೈಕೊಟ್ಟು ತಳ್ಳಿಯೇಬಿಟ್ಟರು. ಬೀಗರ ಮೈ ಮುಟ್ಟುವ ಹೆಂಗಸಲ್ಲ ಅವರು.

ಒಳಗೆ ಕತ್ತಲೆ, ಏಸಿಯ ಚಳಿ. ಮಗಳಿಗೆ ಬೆಡ್‌ಶೀಟ್ ಹೊದಿಸಿದ್ದರು. ನಾನು ಅವಳ ತಲೆಯ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತೆ. "ಅಪ್ಪಾ, ನೀನಾ?" ಅಂದಳು. ನಾಚಿಕೆ ಮಾಡಿಕೊಳ್ಳುವುದಕ್ಕೂ ಅವಳಿಗೆ ಶಕ್ತಿ ಇರಲಿಲ್ಲ. ನನ್ನ ಹೆಬ್ಬೆರಳು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಲೆವೆಲ್ ಕ್ರಾಸಿಂಗ್ ದಾಟುವಾಗ ಹಾಗೇ ಹಿಡಿಯುತ್ತಿದ್ದಳು.

ಡಾಕ್ಟರು ಹೊಟ್ಟೆಯ ಮೇಲೆ ಆ ಮೆಷಿನ್ ಇಟ್ಟು ಜರುಗಿಸತೊಡಗಿದರು. ನಾನು ಪರದೆ ನೋಡಲಿಲ್ಲ, ಡಾಕ್ಟರ ಮುಖ ನೋಡಿದೆ. ಅದರಲ್ಲಿ ಏನೂ ತಿಳಿಯಲಿಲ್ಲ. ಇತ್ತ ಜರುಗಿಸಿದರು, ಅತ್ತ ಜರುಗಿಸಿದರು, ಒತ್ತಿದರು, ಹುಬ್ಬು ಗಂಟಿಕ್ಕಿದರು. ನನ್ನ ಹೆಬ್ಬೆರಳು ಮರಗಟ್ಟಿಹೋಯಿತು. ದೇವರನ್ನು ನೆನೆಯಬೇಕು ಅಂತ ಹೊಳೆಯಲಿಲ್ಲ. ಹೆಂಡತಿಯ ಹೆಸರು ಬಂತು ಬಾಯಿಗೆ.

"ಇಲ್ಲಿ ನೋಡಿ" ಅಂದರು ಡಾಕ್ಟರು.

ಬೂದಿ ಬಣ್ಣದ ಕಲೆಗಳ ನಡುವೆ ಒಂದು ಕಪ್ಪು ಗುಂಡಿ. ಅದರ ಒಂದು ಮೂಲೆಯಲ್ಲಿ ಅವರೆಕಾಳಿನಷ್ಟು ಬೆಳ್ಳಗೆ ಏನೋ. ಆ ಕಾಳಿನ ನಡುವೆ ಏನೋ ಅದುರುತ್ತಿತ್ತು. ಗಾಡಿಯ ಬ್ರೇಕಿಗೆ ಗಾಳಿ ತುಂಬುವಾಗ ಗೇಜಿನ ಮುಳ್ಳು ಅದುರುತ್ತದಲ್ಲ, ಹಾಗೆ. ನನ್ನ ಇಡೀ ನೌಕರಿಯಲ್ಲಿ ಆ ಮುಳ್ಳು ನೋಡಿದ್ದೇನೆ. ಅದುರಿದರೆ ಗಾಡಿಗೆ ಜೀವ ಬಂತು ಅಂತ ಅರ್ಥ. "ಇದೇ ಎದೆಬಡಿತ. ಚೆನ್ನಾಗಿದೆ. ಅಳತೆ ಕೂಡ ಪಾಟಿ ಆಮೇಲೆ ಹೇಳಿದ ದಿನಕ್ಕೇ ಸರಿಯಾಗಿದೆ" ಅಂದರು ಡಾಕ್ಟರು. ಮಗಳು ಅಳುತ್ತಿದ್ದಳು. ಅತ್ತರೆ ಪರದೆ ಅಲುಗುತ್ತೆ, ಅಳಬೇಡಿ ಅಂತ ಡಾಕ್ಟರು ನಗುತ್ತಾ ಬೈದರು.

ನಾನು ಹೊರಗೆ ಓಡಿದೆ. ಬೀಗಿತ್ತಿಯವರು ನೀರಿನ ಕ್ಯಾನ್ ಪಕ್ಕ ಗೋಡೆಗೆ ಮುಖ ಮಾಡಿ, ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಅಳಿಯ ಬಾಗಿಲಲ್ಲೇ ನನ್ನ ಮುಖ ನೋಡಿ ಒಳಗೆ ನುಗ್ಗಿದ. ನಾನು "ಅಮ್ಮಾ" ಅಂದೆ. ತಿರುಗಿದರು.

"ಏನು? ಬಾಯಿಲ್ವಾ? ಹೇಳಿ ಸಂಬಂಧಿ, ಇದೆಯಾ ಇಲ್ವಾ?"

ನಾನು ಕೈ ಎತ್ತಿ ಬೆರಳುಗಳನ್ನು ಕೂಡಿಸಿ, ಬಿಚ್ಚಿ, ಕೂಡಿಸಿ, ಬಿಚ್ಚಿ ತೋರಿಸಿದೆ. ಅವರು ನನ್ನ ಬೆರಳುಗಳನ್ನೇ ನೋಡಿದರು. ಆಮೇಲೆ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕಾದಿದ್ದವರೆಲ್ಲ ಏನಾಯಿತೋ ಅಂತ ಎದ್ದರು. ಕಣ್ಣೀರು ಮೂಗಿನ ಎರಡೂ ಬೊಟ್ಟಿನ ಮೇಲೆ ಹಾದು ಇಳಿಯುತ್ತಿತ್ತು. "ಮೆತ್ತಗೆ ಸಂಬಂಧಿ, ಮೆತ್ತಗೆ, ದಿಷ್ಟಿಯಾಗತ್ತೆ" ಅಂತ ನನ್ನನ್ನೇ ಗದರಿದರು. ನಾನು ಮಾತೇ ಆಡಿರಲಿಲ್ಲ.

ಆಟೋದಲ್ಲಿ ಕೂತ ಮೇಲೆ ಡಾಕ್ಟರು ಹೇಳಿದ್ದೆಲ್ಲ ಒಪ್ಪಿಸಿದೆ. ಅಳತೆ ಸರಿಯಾಗಿದೆಯಂತೆ ಅಂದ ಕೂಡಲೆ ಬೀಗಿತ್ತಿಯವರ ಬೆನ್ನು ನೆಟ್ಟಗಾಯಿತು. "ಸರಿಯಾಗದೆ ಏನು? ನಂಗೆ ಜ್ಞಾಪಕ ಇದೆ ಅಂದೆನಲ್ಲ!" ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳ ನಗು ಕೇಳಿ ಎಷ್ಟು ಕಾಲವಾಗಿತ್ತು.

ಪೊಂಗಲ್ ಕಳೆದು ಮೊಮ್ಮಗಳು ಹುಟ್ಟಿದಳು. ಈಗ ತೆವಳುತ್ತಾಳೆ, ನನ್ನ ಮೀಸೆ ಕೀಳುತ್ತಾಳೆ, ಅವಳ ಪಾಟಿಯ ಬೇಸರಿಗೆ ಕೈಹಾಕಿ ಏಟು ತಿನ್ನುತ್ತಾಳೆ. ಏಟು ಅಂದರೆ ಮುತ್ತೇ. ನಾನು ಈಗ ಹಲ್ಲುನೋವು ಅಂತ ಹೇಳದೆಯೇ ವಾರಕ್ಕೆ ಮೂರು ಸಲ ವೇಲಚೇರಿಗೆ ಹೋಗುತ್ತೇನೆ. ಸಂತೋಷ ಎಷ್ಟಿದೆ ಅಂದರೆ ರೈಲಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಮೊಮ್ಮಗಳ ಫೋಟೋ ತೋರಿಸಿ, ಅವರು ಮುಂದಿನ ಡಬ್ಬಿಗೆ ಹೋಗುವ ಹಾಗೆ ಮಾಡಿದ್ದೇನೆ.

ಒಂದು ಮಾತು ಬಹಳ ದಿನ ಕೇಳಬೇಕು ಅಂತಿದ್ದೆ, ಒಂದು ಮಧ್ಯಾಹ್ನ ಕೇಳಿದೆ. "ಆವತ್ತು ನನ್ನನ್ನು ಯಾಕಮ್ಮಾ ಒಳಗೆ ಕಳಿಸಿದ್ರಿ?"

ಬೀಗಿತ್ತಿಯವರು ಮಗುವಿನ ಬಟ್ಟೆ ಮಡಿಸುತ್ತಿದ್ದರು. "ಆ ಜಾಗ ಅವಳ ಅಮ್ಮಂದು" ಅಂದರು. "ಅವರಿಲ್ಲ ಅಂತ ಮೂರು ಸಲ ನಾನು ಹೋಗಿ ನಿಂತೆ. ಮೂರು ಸಲವೂ ಏನೂ ಕಾಣ್ಲಿಲ್ಲ. ನಾಲ್ಕನೇ ಸಲ ನನಗೆ ಧೈರ್ಯ ಬರ್ಲಿಲ್ಲ ಸಂಬಂಧಿ. ಅವಳ ತವರಿನವರೇ ಹೋಗ್ಲಿ ಅನ್ನಿಸ್ತು."

ಸೊಸೆ ನೋವು ತಿಂದಾಗಲೆಲ್ಲ ಪಕ್ಕದಲ್ಲಿ ನಿಂತವರು ಅವರು. ಸಂತೋಷ ಬರುವ ಹೊತ್ತಿಗೆ ಜಾಗ ನನಗೆ ಬಿಟ್ಟುಕೊಟ್ಟು, ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ನಿಂತರು. ಆ ಮಗುವಿನ ಎದೆ ಮೊದಲ ಸಲ ಬಡಿದದ್ದನ್ನು ಅವರು ನೋಡಲೇ ಇಲ್ಲ. ಮುಂದಿನ ಸ್ಕ್ಯಾನುಗಳಿಗೆ ಹೋದರು, ಅದು ಬೇರೆ. ಆ ಮೊದಲನೆಯದು ನನ್ನ ಪಾಲಿಗೆ ಬಂತು. ಅದನ್ನು ನಾನು ಯಾವ ರೀತಿ ತೀರಿಸಲಿ?

ಒಂದೇ ದಾರಿ ಇದೆ, ಅದನ್ನು ಅವರೇ ತೋರಿಸಿಕೊಟ್ಟರು. ನಾನು ಹೋದಾಗಲೆಲ್ಲ, ಮಗು ಮಲಗಿದ ಮೇಲೆ, ಕಾಫಿ ತಂದಿಟ್ಟು ಎದುರಿಗೆ ಕೂರುತ್ತಾರೆ.

"ಒಳಗೆ ಹೇಗಿತ್ತು ಅಂತ ಹೇಳಿ ಸಂಬಂಧಿ."

"ಮೊನ್ನೆ ಹೇಳಿದೆನಲ್ಲಮ್ಮಾ."

"ಇನ್ನೊಂದ್ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?"

ಹೇಳುತ್ತೇನೆ. ಕತ್ತಲೆ ಇತ್ತು ಅನ್ನುತ್ತೇನೆ. ಚಳಿ ಇತ್ತು, ಡಾಕ್ಟರು ಬಹಳ ಹೊತ್ತು ಹುಡುಕಿದರು, ನನ್ನ ಜೀವ ಬಾಯಿಗೆ ಬಂದಿತ್ತು ಅನ್ನುತ್ತೇನೆ. ಅವರು ಉಸಿರು ಬಿಗಿಹಿಡಿದು ಕೇಳುತ್ತಾರೆ, ಮಗು ಪಕ್ಕದ ರೂಮಿನಲ್ಲೇ ಗೊರಕೆ ಹೊಡೆಯುತ್ತಿದ್ದರೂ.

"ಆಮೇಲೆ?"

"ಆಮೇಲೆ ಕಾಣ್ತು."

"ಬಡೀತಿತ್ತಾ?"

"ಬಡೀತಿತ್ತಮ್ಮಾ. ನಾನು ನೋಡ್ತಾನೇ ನಿಂತಿದ್ದೆ, ನಿಲ್ಲಲೇ ಇಲ್ಲ."